ಸಣ್ಣ ಊರಿನ ವಿಮಾನ: ಖರ್ಚು ಯಾರ ಲೆಕ್ಕಕ್ಕೆ?

1932ರ ಅಕ್ಟೋಬರ್ 15. ಜೆ.ಆರ್.ಡಿ. ಟಾಟಾ ಪುಟ್ಟದೊಂದು ಪಸ್ ಮಾತ್ ವಿಮಾನದಲ್ಲಿ ಅಂಚೆ ಚೀಲ ಇಟ್ಟುಕೊಂಡು ಕರಾಚಿಯಿಂದ ಹೊರಟರು. ಅಹಮದಾಬಾದಿನಲ್ಲಿ ಇಳಿದು ಮುಂಬಯಿ ತಲುಪಿದರು. ಅಲ್ಲಿಂದ ಅಂಚೆಯನ್ನು ಮದರಾಸಿಗೆ ಮುಟ್ಟಿಸಿದವರು ಅವರ ಜೊತೆಗಾರ ನೆವಿಲ್ ವಿನ್ಸೆಂಟ್. ನಡುದಾರಿಯಲ್ಲಿ ವಿಮಾನ ಇಳಿದ ಊರು ಬಳ್ಳಾರಿ. ಭಾರತೀಯ ವಿಮಾನಯಾನ ಚರಿತ್ರೆಯ ಮೊದಲ ಪುಟದಲ್ಲೇ ಕನ್ನಡನಾಡಿನ ಈ ಬಿಸಿಲೂರಿನ ಹೆಸರಿದೆ.

ಇದಾಗಿ 85 ವರ್ಷಗಳ ನಂತರ, 2017ರಲ್ಲಿ, ಬಳ್ಳಾರಿ ಜಿಲ್ಲೆಯ ವಿದ್ಯಾನಗರದಿಂದ ಕೇಂದ್ರ ಸರ್ಕಾರದ ‘ಉಡಾನ್’ ಯೋಜನೆಯ ವಿಮಾನ ಹಾರಿತು. ಆಗಲೂ ಅದು ಹೊಸ ಸುದ್ದಿಯೇ ಆಗಿತ್ತು! ಸಣ್ಣ ಊರುಗಳಿಗೆ ವಿಮಾನ ಬರುತ್ತದೆ, ಹೋಗುತ್ತದೆ, ಮತ್ತೆ ಹೊಸದಾಗಿ ಬರುತ್ತದೆ. ಏಕೆ ಹೀಗೆ?

ಉತ್ತರ ಇರುವುದು ಸರಳ ಲೆಕ್ಕದಲ್ಲಿ. ವಿಮಾನ ಹೆಚ್ಚು ಇಂಧನ ಕುಡಿಯುವುದು ಮೇಲೇರುವಾಗ. ದೂರದ ಪ್ರಯಾಣದಲ್ಲಿ ಆ ಖರ್ಚು ಸಾವಿರಾರು ಕಿಲೋಮೀಟರಿಗೆ ಹಂಚಿಹೋಗುತ್ತದೆ. ಮುನ್ನೂರು ಕಿಲೋಮೀಟರಿನ ದಾರಿಯಲ್ಲಿ ಏರಿ ಮುಗಿಯುವ ಹೊತ್ತಿಗೆ ಇಳಿಯುವ ಸಿದ್ಧತೆ ಶುರುವಾಗಿರುತ್ತದೆ. ನೂರೆಂಬತ್ತು ಸೀಟಿನ ವಿಮಾನಕ್ಕೂ ಇಬ್ಬರು ಪೈಲಟ್‌ಗಳು, ಹತ್ತೊಂಬತ್ತು ಸೀಟಿನದಕ್ಕೂ ಇಬ್ಬರೇ. ಆದರೆ ಅವರ ಸಂಬಳ ಹಂಚಿಕೊಳ್ಳುವ ಪ್ರಯಾಣಿಕರು ಇಲ್ಲಿ ಕಡಿಮೆ. ಅಂದರೆ ದಾರಿ ಚಿಕ್ಕದಾದಷ್ಟೂ ಕಿಲೋಮೀಟರ್ ಲೆಕ್ಕದಲ್ಲಿ ಅದು ದುಬಾರಿ. ಈ ಕೊರತೆಯನ್ನು ಯಾರು ತುಂಬಿಕೊಡಬೇಕು ಎಂಬುದೇ ಸಣ್ಣ ವಿಮಾನ ಸಂಸ್ಥೆಗಳ ಇತಿಹಾಸ.

1932ರ ವಿಮಾನಕ್ಕೆ ಅನ್ನ ಹಾಕಿದ್ದು ಅಂಚೆ. ಸ್ವಾತಂತ್ರ್ಯಾನಂತರ, 1953ರಲ್ಲಿ, ಎಂಟು ಖಾಸಗಿ ಸಂಸ್ಥೆಗಳನ್ನು ಒಂದುಗೂಡಿಸಿ ಸರ್ಕಾರ ‘ಇಂಡಿಯನ್ ಏರ್‌ಲೈನ್ಸ್’ ಕಟ್ಟಿತು. ಮುಂದೆ ದೊಡ್ಡ ಜೆಟ್ ವಿಮಾನಗಳು ಬಂದವು. ಅವುಗಳಿಗೆ ಉದ್ದನೆಯ ರನ್‌ವೇ ಬೇಕು, ತುಂಬಾ ಪ್ರಯಾಣಿಕರೂ ಬೇಕು. ಎರಡೂ ಇಲ್ಲದ ಊರುಗಳು ಹಿಂದೆ ಉಳಿದವು.

ಈ ಕೊರತೆ ಹೆಚ್ಚಾಗಿ ಕಾಡಿದ್ದು ಈಶಾನ್ಯ ಭಾರತವನ್ನು. ದೇಶ ವಿಭಜನೆಯ ಬಳಿಕ ಅಲ್ಲಿಗೆ ರೈಲು, ರಸ್ತೆ ಎಲ್ಲವೂ ಸಿಲಿಗುರಿಯ ಇಕ್ಕಟ್ಟಾದ ಭೂಪಟ್ಟಿಯನ್ನು ಬಳಸಿಯೇ ಹೋಗಬೇಕು. ಗುಡ್ಡಗಾಡಿನಲ್ಲಿ ಒಂದು ಊರಿನಿಂದ ಇನ್ನೊಂದಕ್ಕೆ ಹೋಗುವುದೇ ದಿನಗಟ್ಟಲೆಯ ಮಾತು. ಇದನ್ನು ಮನಗಂಡು 1981ರಲ್ಲಿ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಜಂಟಿಯಾಗಿ ‘ವಾಯುದೂತ್’ ಸಂಸ್ಥೆಯನ್ನು ಹುಟ್ಟುಹಾಕಿದವು. ಈಶಾನ್ಯಕ್ಕೆಂದು ಹುಟ್ಟಿದ ಸಂಸ್ಥೆ ಕ್ರಮೇಣ ದೇಶದ ಉಳಿದ ಭಾಗಗಳ ಸಣ್ಣ ಊರುಗಳಿಗೂ ಹಬ್ಬಿತು. ಜರ್ಮನಿಯ ಡಾರ್ನಿಯರ್ ಕಂಪನಿಯೊಂದಿಗೆ 1983ರಲ್ಲಿ ಆದ ಒಪ್ಪಂದದಂತೆ ಎಚ್‌ಎಎಲ್ ಕಾನ್ಪುರದಲ್ಲಿ 19 ಸೀಟಿನ ಡಾರ್ನಿಯರ್-228 ತಯಾರಿಸತೊಡಗಿತು. ವಾಯುದೂತ್ ಅದನ್ನು ಬಳಸಿತು.

ಸಣ್ಣ ವಿಮಾನ ಮೋಡಗಳ ಮೇಲಲ್ಲ, ಅವುಗಳ ನಡುವೆ ಹಾರುತ್ತದೆ. 1988ರ ಅಕ್ಟೋಬರ್ 19ರಂದು ಸಿಲ್ಚಾರ್‌ನಿಂದ ಹೊರಟ ವಾಯುದೂತ್‌ನ ಫೊಕ್ಕರ್ ವಿಮಾನ ಕೆಟ್ಟ ಹವೆಯಲ್ಲಿ ಗುವಾಹಟಿ ಬಳಿ ಬಿದ್ದು 34 ಮಂದಿ ಸತ್ತರು. ಮರುವರ್ಷ ಪುಣೆ ಬಳಿಯ ಜಲಾಶಯಕ್ಕೆ ಬಿದ್ದ ಡಾರ್ನಿಯರ್ 11 ಜನರನ್ನು ಬಲಿ ತೆಗೆದುಕೊಂಡಿತು. ಇತ್ತ ನಷ್ಟ ಏರುತ್ತಲೇ ಇತ್ತು. 1993ರಲ್ಲಿ ವಾಯುದೂತ್ ಇಂಡಿಯನ್ ಏರ್‌ಲೈನ್ಸ್‌ನಲ್ಲಿ ವಿಲೀನವಾಯಿತು. ಸಾಕಿದ ತಾಯಂದಿರಿಗೇ ಮಗು ಹೊರೆಯಾಗಿತ್ತು.

ಮುಂದಿನ ಪ್ರಯತ್ನ ಬೆಂಗಳೂರಿನದು. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 2003ರ ಆಗಸ್ಟ್‌ನಲ್ಲಿ ‘ಏರ್ ಡೆಕ್ಕನ್’ ಆರಂಭಿಸಿದರು. ಫ್ಯಾನಿನಂಥ ರೆಕ್ಕೆ ತಿರುಗುವ ಎಟಿಆರ್ ವಿಮಾನಗಳು, ಊಟ ತಿಂಡಿಯ ಉಪಚಾರವಿಲ್ಲ, ಟಿಕೆಟ್ ಅಗ್ಗ. ಆರ್.ಕೆ. ಲಕ್ಷ್ಮಣ್ ಅವರ ‘ಶ್ರೀಸಾಮಾನ್ಯ’ನೇ ಅದರ ಲಾಂಛನ. ಅದುವರೆಗೆ ತಲೆಯೆತ್ತಿ ವಿಮಾನ ನೋಡಿದ್ದವರು ಅದರೊಳಗೆ ಕುಳಿತು ತಮ್ಮೂರು ನೋಡಿದರು. ಇಲ್ಲಿ ಕೊರತೆ ತುಂಬಬೇಕಾದವರು ಹೊಸ ಪ್ರಯಾಣಿಕರು. ಅವರು ಬಂದದ್ದೂ ನಿಜ. ಆದರೆ ಆ ಅಗ್ಗದ ದರಕ್ಕೆ ಖರ್ಚು ಹುಟ್ಟಲಿಲ್ಲ. 2008ರ ಹೊತ್ತಿಗೆ ಸಂಸ್ಥೆ ಕಿಂಗ್‌ಫಿಷರ್‌ನ ಪಾಲಾಯಿತು. 2012ರಲ್ಲಿ ಕಿಂಗ್‌ಫಿಷರ್ ಕೂಡ ನೆಲಕ್ಕಿಳಿಯಿತು.

2016ರಲ್ಲಿ ರೂಪುಗೊಂಡ ‘ಉಡಾನ್’ ಈ ಪಾಠ ಕಲಿತೇ ಬಂದ ಯೋಜನೆ. ಸುಮಾರು ಒಂದು ಗಂಟೆಯ ಹಾರಾಟಕ್ಕೆ ಕೆಲವು ಸೀಟುಗಳ ದರವನ್ನು 2,500 ರೂಪಾಯಿಗೆ ಕಟ್ಟಿಹಾಕಲಾಯಿತು. ನಷ್ಟದ ದೊಡ್ಡ ಪಾಲಿಗೆ ಪ್ರಮುಖ ಮಾರ್ಗಗಳ ವಿಮಾನಗಳ ಮೇಲೆ ಶುಲ್ಕ; ಉಳಿದದ್ದು ರಾಜ್ಯ ಸರ್ಕಾರದಿಂದ. ಅಂದರೆ ದೆಹಲಿ–ಮುಂಬಯಿ ಪ್ರಯಾಣಿಕ ಬೀದರಿನ ಪ್ರಯಾಣಿಕನಿಗೆ ತುಸು ಹೆಗಲು ಕೊಡುತ್ತಾನೆ. ಆದರೆ ಈ ನೆರವು ಒಂದು ಮಾರ್ಗಕ್ಕೆ ಮೂರು ವರ್ಷ ಮಾತ್ರ.

ಫಲ ಏನಾಯಿತು? ಮಹಾಲೇಖಪಾಲರ 2023ರ ವರದಿ ಹೇಳುವ ಪ್ರಕಾರ, ಯೋಜನೆಯ ಮೂರನೆಯ ಸುತ್ತಿನವರೆಗೆ ಹಂಚಿಕೆಯಾದ 774 ಮಾರ್ಗಗಳ ಪೈಕಿ 403ರಲ್ಲಿ ವಿಮಾನ ಹಾರಲೇ ಇಲ್ಲ. ಹಾರಿದ 371ರಲ್ಲಿ ಮೂರು ವರ್ಷ ಪೂರೈಸಿದವು 112. ಅದರಾಚೆಗೂ ಉಳಿದವು ಬರೀ 54.

ದಿನಕ್ಕೊಂದೇ ವಿಮಾನವಿರುವ ಊರಿನಲ್ಲಿ ಅದು ಮಂಜಿನಿಂದಲೋ ಯಂತ್ರದೋಷದಿಂದಲೋ ರದ್ದಾದರೆ ಬೇರೆ ದಾರಿ ಇಲ್ಲ. ಒಮ್ಮೆ ಸಿಕ್ಕಿಬಿದ್ದವನು ಮುಂದಿನ ಸಲ ರಾತ್ರಿ ರೈಲನ್ನೇ ಹಿಡಿಯುತ್ತಾನೆ. ಸೀಟು ಖಾಲಿಯಾಗುತ್ತದೆ, ಖಾಲಿ ಸೀಟು ನೋಡಿ ವಿಮಾನ ನಿಲ್ಲುತ್ತದೆ.

ಹಾಗೆಂದು ಸಣ್ಣ ಊರಿಗೆ ವಿಮಾನವೇ ಬೇಡವೆನ್ನಲಾದೀತೆ? ದಿನಕ್ಕೆರಡು ಸಲ ಹಳ್ಳಿಗೆ ಹೋಗುವ ಸರ್ಕಾರಿ ಕೆಂಪು ಬಸ್ಸು ಎಷ್ಟೋ ಕಡೆ ನಷ್ಟದಲ್ಲೇ ಓಡುತ್ತದೆ. ಅದನ್ನು ನಿಲ್ಲಿಸಿದರೆ ಶಾಲೆಗೂ ಆಸ್ಪತ್ರೆಗೂ ದಾರಿ ಮುಚ್ಚುತ್ತದೆಂದು ಎಲ್ಲರಿಗೂ ಗೊತ್ತು. 2022ರ ಏಪ್ರಿಲ್‌ನಲ್ಲಿ ಕಾನ್ಪುರದ ಡಾರ್ನಿಯರ್ ಮತ್ತೆ ಪ್ರಯಾಣಿಕರನ್ನು ಹೊತ್ತು ಅಸ್ಸಾಮಿನ ದಿಬ್ರುಗಢದಿಂದ ಅರುಣಾಚಲದ ಪಾಸಿಘಾಟ್‌ಗೆ ಹಾರಿತು. ಗುಡ್ಡದ ಊರಿನ ರೋಗಿಗೆ ಅದು ಬಸ್ಸಿನಷ್ಟೇ ಅಗತ್ಯ. ಬೀದರಿಗೋ ಬಳ್ಳಾರಿಗೋ ಅಷ್ಟೇ ಅಗತ್ಯವೇ ಎಂಬುದನ್ನು ಮೊದಲು ತೀರ್ಮಾನಿಸಬೇಕು. ಅಗತ್ಯವೆಂದಾದರೆ ಮೂರು ವರ್ಷದ ಗಡುವು ಸಾಲದು. ರನ್‌ವೇ ಹಾಸುವುದು ಒಂದು ಸಲದ ಖರ್ಚು. ವಿಮಾನ ಇಳಿಸುವುದು ಪ್ರತಿದಿನದ್ದು.