ಎಲೆ ನೋಡಿ ಬೆಂಕಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹೊಲಗಳ ನಡುವೆ ಕಾಣುವ ಎತ್ತರದ ಚೌಕ ಕಟ್ಟಡಗಳು ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳು. ನಿಯಂತ್ರಣ ಶಾಸ್ತ್ರದ ಚರಿತ್ರೆಯನ್ನು ಸಾಮಾನ್ಯವಾಗಿ ಜೇಮ್ಸ್ ವಾಟ್‌ನ ಉಗಿಯಂತ್ರದಿಂದ ಆರಂಭಿಸುತ್ತಾರೆ. ಅದರಲ್ಲಿ ಬ್ಯಾರನ್ನಿಗೂ ಜಾಗ ಸಲ್ಲಬೇಕೆಂಬುದು ನನ್ನ ವಾದ.

ಕಡ್ಡಿಗೆ ಕಟ್ಟಿ ಒಳಗೆ ತೂಗುಹಾಕಿದ ಹಸಿ ಎಲೆಯಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲು ನೀರು. ಬೆಂಕಿ ಹೊರಗಿನ ಒಲೆಯಲ್ಲಿ. ಬಿಸಿ ಮಾತ್ರ ತಗಡಿನ ಕೊಳವೆಗಳಲ್ಲಿ ಒಳಗೆ ಹರಿಯುತ್ತದೆ. ಮೊದಲು 35 ಡಿಗ್ರಿಯ ಆಸುಪಾಸಿನಲ್ಲಿ, ತೇವ ಹಿಡಿದಿಟ್ಟು, ಎಲೆ ಹಳದಿಯಾಗಬೇಕು. ಆಮೇಲೆ ಗಾಳಿಕಿಂಡಿ ತೆರೆದು ಬಣ್ಣ ನಿಲ್ಲಿಸಬೇಕು. ಕೊನೆಗೆ ಕಿಂಡಿ ಮುಚ್ಚಿ, 70 ಡಿಗ್ರಿಯವರೆಗೆ ಏರಿಸಿ ನರ ಒಣಗಿಸಬೇಕು. ಕಷ್ಟವೆಂದರೆ ಹಿಡಿಗಳೆರಡೂ ಒಂದಕ್ಕೊಂದು ತಳುಕು ಹಾಕಿಕೊಂಡಿವೆ: ಸೌದೆ ಹಾಕಿದರೆ ಬಿಸಿಯೂ ಏರುತ್ತದೆ, ತೇವವೂ ಇಳಿಯುತ್ತದೆ, ಕಿಂಡಿ ತೆರೆದರೆ ತೇವದ ಜೊತೆ ಬಿಸಿಯೂ ಹೋಗುತ್ತದೆ. ಮಳೆಯಲ್ಲಿ ಕೊಯ್ದ ಎಲೆ ಒಂದು ಥರ, ಬಿಸಿಲಲ್ಲಿ ಕೊಯ್ದದ್ದು ಇನ್ನೊಂದು ಥರ. ಹೀಗಾಗಿ ಗಡಿಯಾರ ನೋಡಿ ಹಂತ ಬದಲಿಸುವಂತಿಲ್ಲ. ಎಲೆಯನ್ನೇ ನೋಡಬೇಕು.

ಈ ವಿದ್ಯೆಯ ಮೂಲಕ್ಕೊಂದು ಪ್ರಸಿದ್ಧ ಕಥೆಯಿದೆ. 1839ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ, ಗುಲಾಮನಾಗಿದ್ದ ಸ್ಟೀಫನ್ ಎಂಬಾತ ತೂಕಡಿಸಿದಾಗ ಬೆಂಕಿ ನಂದುತ್ತ ಬಂತು. ಗಾಬರಿಯಿಂದ ಇದ್ದಿಲು ಸುರಿದ. ಎಲೆ ಹೊಳೆವ ಹಳದಿಯಾಯಿತು. ಲಾಭ ಮಾಲೀಕನದಾಯಿತು ಎಂದು ಬೇರೆ ಹೇಳಬೇಕಿಲ್ಲ.

ಗೊತ್ತಿಲ್ಲದ ವ್ಯವಸ್ಥೆಗೆ ಹಲವು ಮಾದರಿಗಳನ್ನು ಸಿದ್ಧವಿಟ್ಟು, ಆ ಹೊತ್ತಿಗೆ ಹೊಂದುವುದಕ್ಕೆ ಬದಲಾಯಿಸಿಕೊಳ್ಳುವ ಗಣಿತವನ್ನು 1990ರ ದಶಕದಲ್ಲಿ ಯೇಲ್ ವಿಶ್ವವಿದ್ಯಾಲಯದ ಕುಂಪಟಿ ನರೇಂದ್ರ ಮತ್ತು ಬಾಲಕೃಷ್ಣನ್ ಬೆಳೆಸಿದರು. ಅವರ ವಿಧಾನದಲ್ಲಿ ತಪ್ಪು ಮಾದರಿ ಹಿಡಿದರೂ, ದೋಷ ಬೆಳೆದಾಗ ಇನ್ನೊಂದಕ್ಕೆ ಜಿಗಿಯಬಹುದು. ಬ್ಯಾರನ್ನಿನಲ್ಲಿ ಆ ಅನುಕೂಲವಿಲ್ಲ. ಬೇಗ ಬಿಸಿ ಏರಿಸಿದರೆ ಹಸಿರು ಹಾಗೇ ಉಳಿಯುತ್ತದೆ, ತಡಮಾಡಿದರೆ ಎಲೆ ಕಂದುತ್ತದೆ. ಎರಡನ್ನೂ ಹಿಂದಕ್ಕೆ ತಿರುಗಿಸಲಾಗದು. ಸಿದ್ಧಾಂತಕ್ಕಿಂತ ಇದು ಕಠಿಣ ಪ್ರಶ್ನೆ ಎನ್ನುವುದು ನನ್ನ ಅಭಿಪ್ರಾಯ.

1976ರಲ್ಲಿ ತಂಬಾಕು ಮಂಡಳಿ ಬಂತು, 1984ರಿಂದ ಕರ್ನಾಟಕದಲ್ಲಿ ಅದರ ಹರಾಜು. ಅಂದಿನಿಂದ ಎಲೆಯ ಬಣ್ಣಕ್ಕೆ ದರ್ಜೆ, ದರ್ಜೆಗೆ ಬೆಲೆ. ಹೊಗೆಸೊಪ್ಪು ಒಳ್ಳೆಯ ಬೆಳೆಯೆಂದು ನಾನು ಹೇಳುತ್ತಿಲ್ಲ. ಅದು ನುಂಗಿದ ಸೌದೆಯ ಲೆಕ್ಕ ಬೇರೆಯೇ ಇದೆ. ಆದರೆ ಐದಾರು ದಿನ ಒಲೆಯ ಮುಂದೆ ನಿದ್ದೆಗೆಟ್ಟು, ವರ್ಷದ ದುಡಿಮೆಯನ್ನು ಒಂದು ಹಳದಿಯ ಮೇಲೆ ಪಣವಿಡುವವನ ಕೈಯಲ್ಲಿ ಸಮೀಕರಣವಿರುವುದಿಲ್ಲ. ಎಲೆಯ ತುದಿಯನ್ನು ಮುಟ್ಟಿ ನೋಡಿ ಕಿಂಡಿಯ ಹಗ್ಗ ಎಳೆಯುತ್ತಾನೆ.