ರಟ್ಟರ ಶಾಸನಗಳಲ್ಲಿ ಪದವಿಗಳೂ ಬಿರುದುಗಳೂ

ಶಾಸನಗಳಲ್ಲಿ ಸುಗಂಧವರ್ತಿಯೆಂದು ಹೆಸರಾದ ಸವದತ್ತಿಯು ರಟ್ಟರ ರಾಜಧಾನಿಯಾಗಿತ್ತು. ಅಲ್ಲಿ 980ರಲ್ಲಿ ಬಸದಿಯೊಂದಕ್ಕೆ 150 ಮತ್ತರು ಭೂಮಿಯನ್ನು ದಾನವಿತ್ತ ಶಾಂತಿವರ್ಮನು ಚಾಲುಕ್ಯ ಚಕ್ರವರ್ತಿ ಎರಡನೆಯ ತೈಲಪನ ಮಹಾಸಾಮಂತ. ಕೂಂಡಿ ಮೂರುಸಾಸಿರ ನಾಡನ್ನಾಳಿದ ಮುಂದಿನ ರಟ್ಟರು ಮಹಾಮಂಡಲೇಶ್ವರರೆನಿಸಿದರು. ಇವು ಹೊಗಳಿಕೆಯ ಮಾತುಗಳಲ್ಲ, ಅಧಿಕಾರದ ಮೆಟ್ಟಿಲುಗಳು. ಇವುಗಳೊಡನೆ ಬರುವ ‘ಸಮಧಿಗತ ಪಂಚಮಹಾಶಬ್ದ’ ಎಂಬುದೂ ಮೇಲಿನ ಅರಸನ ಅನುಗ್ರಹದಿಂದ ದೊರೆತ ವಾದ್ಯಗೌರವವನ್ನು ಸೂಚಿಸುತ್ತದೆ. ಆ ಐದು ವಾದ್ಯಗಳು ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆಗಳೆಂದು ವಿವರಣೆಯೊಂದು ಹೇಳುತ್ತದೆ. ‘ಲತ್ತಲೂರ್ಪುರವರಾಧೀಶ್ವರ’ ಎಂಬ ಬಿರುದು ಮಾತ್ರ ಬೇರೆ ಬಗೆಯದು. ಲತ್ತಲೂರು ಇಂದಿನ ಲಾತೂರು. ರಾಷ್ಟ್ರಕೂಟರ ವಂಶದವರೆಂಬ ಅಭಿಮಾನವೇ ಆ ಬಿರುದಿನ ಆಧಾರ.

ನಂತರದ ಕಾಲದಲ್ಲಿ ಭಾಷೆ ಬದಲಾಯಿತು, ಪದ್ಧತಿ ಬದಲಾಗಲಿಲ್ಲ. ಕಿತ್ತೂರು ಮನೆತನದ ಮೂಲಪುರುಷ ಹಿರೇಮಲ್ಲಶೆಟ್ಟಿಯು ವರ್ತಕನಾಗಿದ್ದರೂ ವಿಜಾಪುರದ ಆದಿಲಶಾಹಿಯಿಂದ ‘ಶಂಶೇರ್ ಜಂಗ್ ಬಹಾದ್ದೂರ್’ ಎನಿಸಿಕೊಂಡನು. ತಕ್ಕಡಿ ಹಿಡಿದ ಕೈಗೆ ಖಡ್ಗದ ಬಿರುದು! ರಾಮದುರ್ಗದ ಭಾವೆ ಮನೆತನದವರ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1950ರ ಸಂವಿಧಾನದ 18ನೆಯ ವಿಧಿಯು, ಸೈನಿಕ ಹಾಗೂ ವಿದ್ಯಾಸಂಬಂಧದವುಗಳ ಹೊರತು, ಸರಕಾರವು ಬಿರುದು ನೀಡುವುದನ್ನೇ ನಿಲ್ಲಿಸಿತು.

ಮೇಲಿನಿಂದ ಬಂದ ಈ ಗೌರವಗಳಿಗಿಂತ ವಿಶಿಷ್ಟವಾದುದು ಸವದತ್ತಿಯ 1228ರ ಶಾಸನದಲ್ಲಿ ಕಾಣುವ ಮುನಿಚಂದ್ರದೇವರ ಗೌರವ. ರಟ್ಟರ ರಾಜಗುರುಗಳಾದ ಅವರು ‘ರಟ್ಟರಾಜ್ಯ ಪ್ರತಿಷ್ಠಾಚಾರ್ಯ’ರು. ಎರಡನೆಯ ಲಕ್ಷ್ಮೀದೇವನಿಗೆ ಶಾಸ್ತ್ರದೊಡನೆ ಶಸ್ತ್ರವಿದ್ಯೆಯನ್ನೂ ಕಲಿಸಿದರೆಂದು ಶಾಸನವು ಪ್ರಶಂಸಿಸುತ್ತದೆ. ಅಹಿಂಸೆಯ ಮಹಾವ್ರತವನ್ನು ಬಲ್ಲ ಶ್ರಾವಕನಿಗೆ ಈ ಪ್ರಶಂಸೆಯು ಸುಲಭವಾಗಿ ಒಪ್ಪಿಗೆಯಾಗದು. ಆದರೂ ಅದನ್ನು ಮುಚ್ಚಿಡುವುದು ಇತಿಹಾಸಕ್ಕೆ ಸಲ್ಲದು. ಗಮನಿಸಬೇಕಾದ ಇನ್ನೊಂದು ಅಂಶವೆಂದರೆ, ಜೈನಾಚಾರ್ಯರನ್ನು ಇಷ್ಟು ಹೊಗಳುವ ಈ ಶಾಸನವು ಕೇಶಿರಾಜನು ಕಟ್ಟಿಸಿದ ಶಿವಾಲಯಕ್ಕೆ ಸಂಬಂಧಿಸಿದ ದಾನಶಾಸನ.

ಬೀಚಣನು ನಾಲ್ಕನೆಯ ಕಾರ್ತವೀರ್ಯನ ಆಡಳಿತದಲ್ಲಿ ಲೆಕ್ಕಪತ್ರಗಳ ಶ್ರೀಕರಣಕ್ಕೆ ಮುಖ್ಯಸ್ಥನಾಗಿದ್ದವನು. ಅಂಥ ಪದವಿಯಲ್ಲಿದ್ದ ಎಷ್ಟೋ ಮಂದಿ ಮರೆತುಹೋಗಿದ್ದಾರೆ. ಬೀಚಣನ ಹೆಸರು ಉಳಿದಿರುವುದು ಅವನು ಬೆಳಗಾವಿಯಲ್ಲಿ ರಟ್ಟಜಿನಾಲಯವನ್ನು ಕಟ್ಟಿಸಿದ್ದರಿಂದ. 1204ರಲ್ಲಿ ಅದಕ್ಕೆ ದತ್ತಿಯನ್ನು ಬಿಟ್ಟಾಗ ಸ್ವೀಕರಿಸಿದವರು ಶುಭಚಂದ್ರ ಭಟ್ಟಾರಕರು. ಶತಮಾನ ಮುಗಿಯುವ ಮುನ್ನವೇ ರಟ್ಟರಾಜ್ಯವು ದೇವಗಿರಿಯ ಯಾದವರ ವಶವಾಯಿತು. ಬೆಳಗಾವಿಯ ಕೋಟೆಯೊಳಗಿನ ಕಮಲಬಸದಿಯಲ್ಲಿ ನೇಮಿನಾಥ ತೀರ್ಥಂಕರರಿಗೆ ಇಂದಿಗೂ ಪೂಜೆ ಸಲ್ಲುತ್ತಿದೆ.