ಹಳೆಯ ಯಂತ್ರಕ್ಕೆ ಹೊಸ ವೇಗ: ಗಿರಣಿಯ ಕದಿರಿನಿಂದ ಮನೆಯ ಲ್ಯಾಪ್‌ಟಾಪಿನವರೆಗೆ

ಅಹಮದಾಬಾದಿನ ಬೇಸಿಗೆಯನ್ನು ಕುರಿತು ನಮ್ಮ ವಾಚಕ ಬಂಧುಗಳಿಗೆ ಹೊಸದಾಗಿ ಹೇಳಬೇಕಾದ್ದು ಏನೂ ಇಲ್ಲ. ಮಲೆನಾಡಿನ ಮಳೆಯಲ್ಲಿ ಬೆಳೆದ ನಮ್ಮಂಥವರು ಈ ಊರಿಗೆ ಬಂದು ಇಪ್ಪತ್ತು ವರ್ಷವಾದರೂ ಮೇ ತಿಂಗಳು ಬಂತೆಂದರೆ ನಿಟ್ಟುಸಿರು ಬಿಡುವುದು ತಪ್ಪಿಲ್ಲ. 2016ರ ಮೇ 20ರಂದು ಇಲ್ಲಿ 48 ಡಿಗ್ರಿ ಸೆಲ್ಸಿಯಸ್ ದಾಖಲಾದದ್ದು ಹಲವರ ನೆನಪಿನಲ್ಲಿರಬಹುದು. ಅಂಥದೇ ಒಂದು ಮೇ ತಿಂಗಳ ಮಧ್ಯಾಹ್ನ ನಾವು ಮಾಡಿದ ಅವಿವೇಕವೊಂದರಿಂದ ಈ ಲೇಖನ ಹುಟ್ಟಿತು.

ನಮ್ಮ ಮನೆಯಲ್ಲಿ 2009ರಲ್ಲಿ ಕಂತಿನ ಮೇಲೆ ಕೊಂಡ ಒಂದು ಲ್ಯಾಪ್‌ಟಾಪ್ ಇದೆ. ಮಗಳು ಕಾಲೇಜು ಸೇರಿದ ಮೇಲೆ ಅದು ಅವಳ ಪಾಲಿಗೆ ಬಂತು. “ಅಪ್ಪಾ, ಇದು ಶುರುವಾಗೋ ಹೊತ್ತಿಗೆ ನಾನು ಚಹಾ ಮಾಡಿ ಕುಡಿದೂ ಬಿಡಬಹುದು” ಎಂದು ಅವಳು ದೂರಿದಳು. ಹೊಸದನ್ನು ಕೊಳ್ಳುವುದೆಂದರೆ ಆ ವರ್ಷದ ಫೀಜಿನಷ್ಟೇ ಹಣ. ಗುಮಾಸ್ತನ ಸಂಬಳದಲ್ಲಿ ಎರಡೂ ಒಟ್ಟಿಗೆ ಆಗುವ ಮಾತಲ್ಲ. ಆಗ ಪರಿಚಯದ ಹುಡುಗನೊಬ್ಬ, ಹಳೆಯ ಯಂತ್ರದ ವೇಗವನ್ನು ಖರ್ಚಿಲ್ಲದೆ ಹೆಚ್ಚಿಸಬಹುದೆಂದೂ ಅದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರೆಂದೂ ಹೇಳಿ, ಒಂದು ಚಿಕ್ಕ ತಂತ್ರಾಂಶವನ್ನೂ ಕೊಟ್ಟ. ಬಿ.ಎಸ್ಸಿ. ಓದಿದ ಹುರುಪು ನಮಗೆ. ನೋಡಿಯೇ ಬಿಡೋಣವೆಂದು ಕುಳಿತೆವು.

ಹತ್ತು ನಿಮಿಷ ಯಂತ್ರ ಚೆನ್ನಾಗಿಯೇ ನಡೆಯಿತು. ಅಡಿಭಾಗ ದೋಸೆಯ ಕಾವಲಿಯಂತೆ ಕಾಯಿತು. ಪರದೆ ಒಮ್ಮೆಲೇ ಕಪ್ಪಾಯಿತು. ಮತ್ತೆ ಎಷ್ಟು ಒತ್ತಿದರೂ ಅದು ಏಳಲಿಲ್ಲ. ಅಡಿಗೆಮನೆಯಿಂದ ಬಂದ ನಮ್ಮ ಮನೆಯವರು ಒಂದೇ ಒಂದು ಮಾತು ಕೇಳಿದರು: “ಅತ್ತೆಯವರ ಹಾಡು ಇದರಲ್ಲೇ ಇತ್ತಲ್ವೇನ್ರೀ?”

ಹೌದು, ಅದರಲ್ಲೇ ಇತ್ತು. 2010ರಲ್ಲಿ ನಮ್ಮ ತಾಯಿ ಇಲ್ಲಿಗೆ ಬಂದಿದ್ದಾಗ ಹಸೆಯ ಹಾಡು, ಆರತಿಯ ಹಾಡುಗಳನ್ನು ಎರಡು ಗಂಟೆ ಕಾಲ ಹಾಡಿಸಿ ಅದರಲ್ಲಿ ತುಂಬಿಸಿದ್ದೆವು. ತಾಯಿ ಈಗಿಲ್ಲ. ಆ ಹಾಡುಗಳಿಗೆ ಬೇರೆ ಪ್ರತಿಯೂ ಇರಲಿಲ್ಲ. ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ.

ಸೆಖೆಗೆಂದು ಅಂಗಳಕ್ಕೆ ಇಳಿದರೆ ನಮ್ಮ ಸೊಸೈಟಿಯ ಕೆಳಮನೆಯ ಕಾಕಾ ಹಗ್ಗದ ಮಂಚದ ಮೇಲೆ ಕುಳಿತಿದ್ದರು. ಗಿರಣಿಯ ನೂಲುವ ಖಾತೆಯಲ್ಲಿ ದುಡಿದು, ಗಿರಣಿ ಮುಚ್ಚಿದ ಮೇಲೆ ಮನೆ ಸೇರಿದವರು. ನಮ್ಮ ಕಥೆ ಕೇಳಿ, “ಕದಿರಿನ ವೇಗ ಹೆಚ್ಚಿಸಿದ ದಿನ ನೂಲು ಕಡಿಯುವುದೂ ಹೆಚ್ಚು, ಭಾಯಿ. ಕಡಿದ ಎಳೆ ಸೇರಿಸುವುದರಲ್ಲೇ ನಮ್ಮ ಪಾಳಿ ಮುಗಿಯುತ್ತಿತ್ತು” ಎಂದರು. ನಾವು ಮಾಡಲು ಹೋದ ಕೆಲಸ ಈ ಊರಿಗೆ ಹೊಸದಲ್ಲ ಎಂಬುದು ನಮಗೆ ಆಗ ಹೊಳೆಯಿತು.

ಅಹಮದಾಬಾದಿನ ಮೊದಲ ಬಟ್ಟೆ ಗಿರಣಿಯನ್ನು 1861ರಲ್ಲಿ ಆರಂಭಿಸಿದವರು ರಣಛೋಡಲಾಲ್ ಛೋಟಾಲಾಲ್. ಅವರೂ ಮೊದಲು ನಮ್ಮ ಹಾಗೆ ಸರ್ಕಾರಿ ನೌಕರಿಯಲ್ಲಿದ್ದವರೇ. 2,500 ಕದಿರುಗಳಿಂದ ಪ್ರಾರಂಭವಾದ ಆ ಉದ್ಯಮ ಮುಂದೆ ಇಡೀ ನಗರದ ಜೀವನಾಡಿಯಾಯಿತು. ಯಂತ್ರಗಳು ಹಳೆಯವಾದಂತೆ, ಹೊಸದನ್ನು ತರಿಸದೆ ಇರುವುದರಿಂದಲೇ ಹೆಚ್ಚು ನೂಲು ತೆಗೆಯುವುದು ಹೇಗೆ ಎಂಬ ಪ್ರಶ್ನೆ ಎದ್ದಿತು. ಕದಿರನ್ನು ಇನ್ನಷ್ಟು ವೇಗವಾಗಿ ತಿರುಗಿಸುವುದು ಸುಲಭದ ಉತ್ತರ. ಆದರೆ ನೂಲಿನ ಮೇಲೆ ಬೀಳುವ ಬಿಗಿತ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ನೂರಕ್ಕೆ ಹತ್ತು ಹೆಚ್ಚಿದರೆ ಬಿಗಿತ ನೂರಕ್ಕೆ ಇಪ್ಪತ್ತೊಂದು ಹೆಚ್ಚು. ಕಾಕಾ ಕೈಯಿಂದ ಕಲಿತದ್ದನ್ನೇ ಭೌತಶಾಸ್ತ್ರವೂ ಹೇಳುತ್ತದೆ.

ಈ ಬಗೆಯ ಪ್ರಶ್ನೆಗಳನ್ನು ಊಹೆಗೆ ಬಿಡದೆ ಅಳೆದು ತೂಗಿ ನೋಡಬೇಕೆಂದು 1947ರಲ್ಲಿ ಇಲ್ಲಿ ‘ಅಟಿರಾ’ ಎಂಬ ಜವಳಿ ಸಂಶೋಧನಾ ಸಂಸ್ಥೆ ಸ್ಥಾಪನೆಯಾಯಿತು. ಅದರ ಮೊದಲ ಚುಕ್ಕಾಣಿ ಹಿಡಿದವರು ಡಾ. ವಿಕ್ರಮ್ ಸಾರಾಭಾಯಿ. ಬಾಹ್ಯಾಕಾಶದ ಹೆಸರಿನೊಡನೆ ನಾವು ನೆನೆಯುವ ಈ ವಿಜ್ಞಾನಿ ನೂಲು, ಮಗ್ಗಗಳ ಲೆಕ್ಕಕ್ಕೂ ತಮ್ಮ ಆಯುಷ್ಯದ ಕೆಲವು ವರ್ಷಗಳನ್ನು ಕೊಟ್ಟರು.

ಅದೇ ಕಾಲದ ಇನ್ನೊಂದು ಪ್ರಯೋಗ ಪ್ರಪಂಚದ ಆಡಳಿತ ಶಾಸ್ತ್ರದ ಪುಸ್ತಕಗಳಲ್ಲೆಲ್ಲ ಸೇರಿದೆ. ಇಲ್ಲಿನ ಕ್ಯಾಲಿಕೊ ಗಿರಣಿಯಲ್ಲಿ 1952ರಲ್ಲಿ ಸ್ವಯಂಚಾಲಿತ ಮಗ್ಗಗಳನ್ನು ಹಾಕಿದರು. ಮಗ್ಗಗಳು ಹೊಸವು, ಆದರೂ ಉತ್ಪಾದನೆ ನಿರೀಕ್ಷೆಯಂತೆ ಏರಲಿಲ್ಲ. ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ ಎಂಬವರು 1953ರಲ್ಲಿ ಬಂದು ನೋಡಿದರು. 224 ಮಗ್ಗಗಳಿಗೆ 29 ಜನ. ಅವರ ನಡುವೆ ಹನ್ನೆರಡು ಬಗೆಯ ಕೆಲಸ. ಎಳೆ ಕಡಿದರೆ ಒಬ್ಬ, ಎಣ್ಣೆ ಹಾಕಲು ಇನ್ನೊಬ್ಬ, ಕಸ ತೆಗೆಯಲು ಮತ್ತೊಬ್ಬ. ಮಗ್ಗ ನಿಂತರೆ ಸಂಬಂಧಪಟ್ಟವನು ಬರುವವರೆಗೆ ಅದು ಸುಮ್ಮನೆ ನಿಂತಿರಬೇಕು. ರೈಸ್ ಅವರು ಮಗ್ಗದ ವೇಗದ ಗೊಡವೆಗೆ ಹೋಗದೆ, ಇಂತಿಷ್ಟು ಮಗ್ಗಗಳ ಪೂರ್ಣ ಹೊಣೆಯನ್ನು ಒಂದು ಚಿಕ್ಕ ತಂಡಕ್ಕೆ ಒಪ್ಪಿಸಬಾರದೇಕೆ ಎಂದು ಸೂಚಿಸಿದರು. ಕಾರ್ಮಿಕರು ತಾವೇ ತಂಡ ಕಟ್ಟಿಕೊಂಡರು. ಕಾಲಕ್ರಮದಲ್ಲಿ ಬಟ್ಟೆಯ ಉತ್ಪಾದನೆ ಏರಿತು, ಕೆಟ್ಟ ಬಟ್ಟೆಯ ಪ್ರಮಾಣ ಇಳಿಯಿತು. ವೇಗವನ್ನು ತಿನ್ನುತ್ತಿದ್ದದ್ದು ಮಗ್ಗವಲ್ಲ, ಕಾಯುವಿಕೆ.

ಇದೇ ತತ್ತ್ವ ಗಣಕಯಂತ್ರದ ರೂಪದಲ್ಲಿ ಈ ಊರಿಗೆ ಬಂದಾಗ ಅದರ ಹಿಂದೆ ಒಬ್ಬ ಕನ್ನಡಿಗರಿದ್ದರೆಂಬುದು ನಮಗೆ ಅಭಿಮಾನದ ಸಂಗತಿ. ಮೈಸೂರಿನಲ್ಲಿ ಓದಿ, 1969ರಲ್ಲಿ ಕಾನ್ಪುರದ ಐ.ಐ.ಟಿ.ಯಿಂದ ಸ್ನಾತಕೋತ್ತರ ಪದವಿ ಪಡೆದ ಎನ್. ಆರ್. ನಾರಾಯಣಮೂರ್ತಿಯವರು ನೌಕರಿಗೆ ಸೇರಿದ್ದು ಅಹಮದಾಬಾದಿನ ಐ.ಐ.ಎಂ.ಗೆ. ಅಲ್ಲಿ ಅವರು ಕೆಲಸ ಮಾಡಿದ್ದು ‘ಟೈಮ್ ಶೇರಿಂಗ್’ ಎಂಬ ವ್ಯವಸ್ಥೆಯ ಮೇಲೆ. ನಮ್ಮ ದೇಶದಲ್ಲಿ ಅದೇ ಮೊದಲನೆಯದೆಂದು ಹೇಳುತ್ತಾರೆ. ಮನುಷ್ಯ ಒಂದು ಅಕ್ಷರ ಒತ್ತಿ ಇನ್ನೊಂದನ್ನು ಹುಡುಕುವಷ್ಟರಲ್ಲಿ ಯಂತ್ರ ಸಾವಿರಾರು ಲೆಕ್ಕ ಮಾಡಿ ಮುಗಿಸಿ ಸುಮ್ಮನೆ ಕುಳಿತಿರುತ್ತದೆ. ಆ ಬಿಡುವನ್ನು ಬೇರೆಯವರಿಗೆ ಹಂಚಿದರೆ ಒಂದೇ ಯಂತ್ರ ಏಕಕಾಲದಲ್ಲಿ ಹಲವರಿಗೆ ದುಡಿಯುತ್ತದೆ. ಯಂತ್ರದ ವೇಗ ಒಂದಿಷ್ಟೂ ಹೆಚ್ಚದೆ ಕೆಲಸ ಮಾತ್ರ ಎಷ್ಟೋ ಪಾಲು ಹೆಚ್ಚಾಯಿತು.

ಹಾಗಾದರೆ ಯಂತ್ರದ ವೇಗವನ್ನೇ ಏರಿಸುವ ಈ ಓವರ್‌ಕ್ಲಾಕಿಂಗ್ ಎಲ್ಲಿಂದ ಬಂತು? ಗಣಕಯಂತ್ರದೊಳಗೆ ಒಂದು ಕ್ವಾರ್ಟ್ಸ್ ಹರಳು ಇರುತ್ತದೆ. ಅದರ ಕಂಪನವೇ ಇಡೀ ಯಂತ್ರಕ್ಕೆ ತಾಳ. ಪ್ರತಿ ಬಡಿತಕ್ಕೆ ಪ್ರೊಸೆಸರ್ ಒಂದು ಹೆಜ್ಜೆ ಇಡುತ್ತದೆ. ತಾಳ ಚುರುಕಾದರೆ ಹೆಜ್ಜೆಯೂ ಚುರುಕು. ಆದರೆ ಲಯ ಮಿತಿಮೀರಿದರೆ ಹಾಡುವವರು ಸಾಹಿತ್ಯದ ಅಕ್ಷರ ನುಂಗುವಂತೆ, ಒಂದು ಹೆಜ್ಜೆ ಮುಗಿಯುವ ಮೊದಲೇ ಮುಂದಿನ ಬಡಿತ ಬಿದ್ದು ಯಂತ್ರವೂ ಲೆಕ್ಕ ತಪ್ಪುತ್ತದೆ.

1981ರಲ್ಲಿ ಬಂದ ಐ.ಬಿ.ಎಂ. ಪಿ.ಸಿ.ಯ ತಾಳ ಸೆಕೆಂಡಿಗೆ ಸುಮಾರು 47.7 ಲಕ್ಷ ಬಡಿತ. 1984ರ ‘ಎ.ಟಿ.’ ಮಾದರಿಗೆ ಅದು 60 ಲಕ್ಷವಾಯಿತು. ಅದರ ಹರಳನ್ನು ಕಿತ್ತು ಬೇರೆ ಹರಳು ಕೂರಿಸಿದರೆ 80 ಲಕ್ಷಕ್ಕೆ ಓಡುತ್ತದೆಂದು ಚುರುಕು ಜನ ಕಂಡುಕೊಂಡರು. ಹರಳಿನ ಬೆಲೆ ಅತ್ಯಲ್ಪ. ಕಂಪನಿ ಮುಂದೆ ಯಂತ್ರ ಶುರುವಾಗುವಾಗಲೇ ವೇಗವನ್ನು ಪರೀಕ್ಷಿಸುವ ಕಾವಲನ್ನು ಇಟ್ಟಿತು. 1998ರಲ್ಲಿ ಇಂಟೆಲ್ ಕಂಪನಿಯ ‘ಸೆಲೆರಾನ್ 300ಎ’ ಎಂಬ ಅಗ್ಗದ ಚಿಪ್ಪು ಇನ್ನೂ ಹೆಸರು ಮಾಡಿತು. ಸೆಕೆಂಡಿಗೆ 30 ಕೋಟಿ ಬಡಿತದ ಆ ಚಿಪ್ಪು ಅನೇಕರ ಕೈಯಲ್ಲಿ 45 ಕೋಟಿಗೆ ಓಡಿತು.

ಇದು ಸಾಧ್ಯವಾಗಲು ಕಾರಣವಿದೆ. ಒಂದೇ ಅಚ್ಚಿನ ಚಿಪ್ಪುಗಳನ್ನು ಕಾರ್ಖಾನೆಯಲ್ಲಿ ಪರೀಕ್ಷಿಸಿ, ಎಲ್ಲ ಹವೆಯಲ್ಲೂ ವರ್ಷಗಟ್ಟಲೆ ತಪ್ಪದೆ ನಡೆಯುವ ವೇಗವನ್ನೇ ಅವುಗಳ ಮೇಲೆ ಬರೆಯುತ್ತಾರೆ. ಬರೆದದ್ದಕ್ಕಿಂತ ಶಕ್ತಿ ಕೊಂಚ ಹೆಚ್ಚೇ ಇರುತ್ತದೆ. ಈ ಸಂದಿಯನ್ನು ಮೋಸಗಾರರೂ ಬಳಸಿದರು. 1990ರ ದಶಕದಲ್ಲಿ ಚಿಪ್ಪಿನ ಮೇಲಿನ ಅಕ್ಷರ ಅಳಿಸಿ, ಹೆಚ್ಚಿನ ವೇಗ ಬರೆದು, ಹೆಚ್ಚಿನ ಬೆಲೆಗೆ ಮಾರುವುದು ನಡೆಯಿತು. ಕಂಪನಿಗಳು ವೇಗಕ್ಕೆ ಬೀಗ ಹಾಕಿದವು. ಲ್ಯಾಪ್‌ಟಾಪುಗಳಲ್ಲಂತೂ ಕೆಲವು ದುಬಾರಿ ಮಾದರಿಗಳನ್ನು ಬಿಟ್ಟರೆ ಈ ಬೀಗ ಸಾಮಾನ್ಯ.

ಇಷ್ಟಾದರೂ ಕೊನೆಗೆ ಲಗಾಮು ಹಾಕಿದ್ದು ಬೀಗವಲ್ಲ, ಕಾವು. ಚಿಪ್ಪಿನಲ್ಲಿ ಹುಟ್ಟುವ ಕಾವು ಬಡಿತದ ವೇಗಕ್ಕೂ ವಿದ್ಯುತ್ ಒತ್ತಡದ ವರ್ಗಕ್ಕೂ ಅನುಗುಣ. ವೇಗವನ್ನು ನೂರಕ್ಕೆ ಹತ್ತು ಏರಿಸಿ, ಅದನ್ನು ತಡೆದುಕೊಳ್ಳಲೆಂದು ಒತ್ತಡವನ್ನೂ ಹತ್ತು ಏರಿಸಿದರೆ, ಕಾವು ನೂರಕ್ಕೆ ಮೂವತ್ಮೂರು ಏರುತ್ತದೆ. ನಾಲ್ಕು ಗಿಗಾಹರ್ಟ್ಸ್, ಎಂದರೆ ಸೆಕೆಂಡಿಗೆ 400 ಕೋಟಿ ಬಡಿತದ ಪೆಂಟಿಯಂ ತರುವೆನೆಂದಿದ್ದ ಇಂಟೆಲ್ 2004ರಲ್ಲಿ ಆ ಯೋಜನೆಯನ್ನು ಕೈಬಿಟ್ಟಿತು. ಮರುವರ್ಷವೇ ಒಂದು ಚಿಪ್ಪಿನಲ್ಲಿ ಎರಡು ತಿರುಳುಗಳನ್ನಿಟ್ಟು ಕೆಲಸ ಹಂಚುವ ದಾರಿ ಹಿಡಿಯಿತು. ಆಗ ಪ್ರಪಂಚದ ಅತಿ ದೊಡ್ಡದಾಗಿದ್ದ ಚಿಪ್ಪಿನ ಕಂಪನಿಯೂ ಕಡೆಗೆ ಕ್ಯಾಲಿಕೊ ಗಿರಣಿಯ ಪಾಠಕ್ಕೇ ಬಂತೆಂದರೆ ತಪ್ಪಾಗಲಾರದು.

ಈಗ ನಮ್ಮ ಮನೆಯ ಯಂತ್ರಕ್ಕೆ ಬರೋಣ. ಅದರ ತಾಳ ಸೆಕೆಂಡಿಗೆ 200 ಕೋಟಿ. ನಾವು ಮಾಡಿದ್ದು 220 ಕೋಟಿ. ಶುರುವಾಗಲು 60 ಸೆಕೆಂಡು ಬೇಕೆಂದು ಲೆಕ್ಕಕ್ಕೆ ಹಿಡಿದು, ಅದರಲ್ಲಿ 45 ಸೆಕೆಂಡು ಡಿಸ್ಕಿಗಾಗಿ ಕಾಯುವುದೆನ್ನೋಣ. ಪ್ರೊಸೆಸರಿನ ಪಾಲು 15 ಸೆಕೆಂಡು. ವೇಗ ನೂರಕ್ಕೆ ಹತ್ತು ಏರಿದರೆ ಆ 15 ಸೆಕೆಂಡು ಸುಮಾರು 13.6 ಆಗುತ್ತದೆ. ಉಳಿತಾಯ ಒಂದೂವರೆ ಸೆಕೆಂಡಿಗೂ ಕಡಿಮೆ! ನಿಮಿಷಕ್ಕೆ 5,400 ಸುತ್ತು ತಿರುಗುವ ಡಿಸ್ಕು ಒಂದು ಸುತ್ತು ಮುಗಿಸುವಷ್ಟರಲ್ಲಿ ಪ್ರೊಸೆಸರ್ ಎರಡು ಕೋಟಿಗೂ ಹೆಚ್ಚು ಬಡಿತ ಕಳೆದಿರುತ್ತದೆ. ಮಗ್ಗ ಓಡಲು ಸಿದ್ಧವಾಗಿಯೇ ಇತ್ತು. ಎಳೆ ಸೇರಿಸುವವನು ಬಂದಿರಲಿಲ್ಲ. ಇದನ್ನು ತಿಳಿಯದೆ ನಾವು ಮಗ್ಗಕ್ಕೆ ಚಾಟಿ ಬೀಸಿದೆವು. ಅದೂ ಕೋಣೆಯೇ ಕಾದಿದ್ದ ಮೇ ತಿಂಗಳಲ್ಲಿ!

ಮರುದಿನ ಬೆಳಿಗ್ಗೆ ಕನ್ನಡ ಸಂಘದ ಮಿತ್ರರೊಬ್ಬರ ಮನೆಗೆ ಯಂತ್ರವನ್ನು ಹೊತ್ತು ಹೋದೆವು. ಅವರು ಡಿಸ್ಕನ್ನು ಬಿಚ್ಚಿ ತಮ್ಮ ಗಣಕಕ್ಕೆ ಜೋಡಿಸಿದರು. ಸ್ವಲ್ಪ ಹೊತ್ತಿನಲ್ಲಿ ತಾಯಿಯ ಧ್ವನಿ ಕೇಳಿತು. ನಮ್ಮ ಮನೆಯವರು ಸೆರಗಿನಿಂದ ಕಣ್ಣೊರಸಿಕೊಂಡರು. ಎರಡು ಕಡತಗಳು ಮಾತ್ರ ತೆರೆಯಲಿಲ್ಲ. ಆ ಎರಡು ಹಾಡುಗಳು ನಮ್ಮ ಅವಸರಕ್ಕೆ ತೆತ್ತ ಬೆಲೆ. ಉಳಿದವುಗಳಿಗೆ ಈಗ ಮೂರು ಪ್ರತಿಗಳಿವೆ. ಒಂದು ಊರಿನಲ್ಲಿ ಅಕ್ಕನ ಮನೆಯಲ್ಲಿದೆ.

ಯಂತ್ರವೂ ತಣ್ಣಗಾದ ಮೇಲೆ ಎದ್ದಿತು. ವೇಗವನ್ನು ಮೊದಲಿನಂತೆಯೇ ಇಟ್ಟು, ಒಳಗಿನ ಫ್ಯಾನಿನಲ್ಲಿ ಹತ್ತಿಯಂತೆ ಕಟ್ಟಿಕೊಂಡಿದ್ದ ಧೂಳನ್ನು ತೆಗೆಸಿದೆವು. ಪ್ರೊಸೆಸರಿನ ಮೇಲೆ ಒಣಗಿ ಹೋಗಿದ್ದ, ಕಾವು ಸಾಗಿಸುವ ಲೇಪವನ್ನು ಹೊಸದಾಗಿ ಹಚ್ಚಿಸಿದೆವು. ರಿಲೀಫ್ ರಸ್ತೆಯ ಅಂಗಡಿಯೊಂದರಿಂದ ತಿರುಗುವ ಡಿಸ್ಕಿನ ಬದಲು ತಿರುಗದ ಎಸ್.ಎಸ್.ಡಿ. ತಂದು ಹಾಕಿದೆವು. ಸಾಬರಮತಿ ದಡದ ಭಾನುವಾರದ ಗುಜರಿ ಪೇಟೆಯಲ್ಲಿ ಹಳೆಯ ಮಾದರಿಯ ರ‍್ಯಾಮ್ ಸಿಕ್ಕಿತು. ‘ಗುಜರಿ’ ಎಂಬ ಮಾತು ಅಲ್ಲಿಯೂ ಇಲ್ಲಿಯೂ ಒಂದೇ ಎಂಬುದು ನಮ್ಮವರಿಗೆ ಗೊತ್ತೇ ಇದೆ. ಎಲ್ಲ ಸೇರಿ ಹೊಸ ಯಂತ್ರದ ಬೆಲೆಯ ಒಂದು ಸಣ್ಣ ಪಾಲು ಖರ್ಚಾಯಿತು. ಮಗಳ ಫೀಜು ಸಕಾಲಕ್ಕೆ ಕಟ್ಟಿದೆವು.

ಈಗ ಯಂತ್ರ ಶುರುವಾಗುವಷ್ಟರಲ್ಲಿ ಚಹಾದ ನೀರೂ ಕುದಿಯುವುದಿಲ್ಲ. ಕಾಕಾ ಒಂದು ಸಂಜೆ ಬಂದು ಅದನ್ನು ನೋಡಿದರು. ವೇಗ ಎಷ್ಟು ಹೆಚ್ಚಿಸಿದಿರಿ ಎಂದು ಕೇಳಿದರು. ಏನೂ ಹೆಚ್ಚಿಸಿಲ್ಲ, ಕಾಯುವುದನ್ನು ಕಡಿಮೆ ಮಾಡಿದೆವು ಎಂದೆವು. ಅವರು ತಲೆದೂಗಿ, ತಮ್ಮ ಖಾತೆಯಲ್ಲಿ ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು ಎಂದರು. ಆಮೇಲೆ ನಮ್ಮ ತಾಯಿಯ ಒಂದು ಆರತಿ ಹಾಡನ್ನು, ಭಾಷೆ ತಿಳಿಯದಿದ್ದರೂ, ಕೊನೆಯವರೆಗೆ ಕುಳಿತು ಕೇಳಿದರು.

ಹಳೆಯ ಯಂತ್ರ ಇಟ್ಟುಕೊಂಡಿರುವ ನಮ್ಮ ಬಾಂಧವರಲ್ಲಿ ಒಂದು ವಿನಂತಿ. ಮೊದಲು ಪ್ರತಿ ಮಾಡಿಕೊಳ್ಳಿ, ನಂತರ ಧೂಳು ತೆಗೆಸಿ. ವೇಗದ ಮಾತು ಅದಾದ ಮೇಲೆ.